ಮಠದ ದಾರಿ, ಎಂ.ಎ. ದಾರಿ

ಬಿ.ಎ. ಫಲಿತಾಂಶ ಬಂದ ವಾರ ಬನಹಟ್ಟಿಯ ನೇಕಾರರ ಮನೆಯೊಂದರಲ್ಲಿ ಮಗ ‘ನಾ ಇನ್ನ ಮುಂದ ಧರ್ಮದ ಬಗ್ಗೆ ಓದತೀನಿ’ ಅಂದನೆನ್ನಿ. ಅವ್ವನ ಎದೆ ಧಸಕ್ಕೆನ್ನುತ್ತದೆ; ಮಗ ಆಗಲೇ ಕಾವಿ ಉಟ್ಟು ಮನೆ ಬಿಟ್ಟ ಹಾಗೆ ಅವಳಿಗೆ ಕಾಣುತ್ತದೆ. ಅಪ್ಪ ಮಗ್ಗ ನಿಲ್ಲಿಸಿ ‘ಅದನ್ನ ಓದಿದ್ರ ನೌಕರಿ ಎಲ್ಲಿ ಐತೋ ತಮ್ಮಾ?’ ಎಂದು ಕೇಳುತ್ತಾನೆ. ಅಜ್ಜಿಯೊಬ್ಬಳು ಮಾತ್ರ ದೇವರ ಜಗಲಿಯ ಕಡೆ ತಿರುಗಿ ಕೈಮುಗಿಯುತ್ತಾಳೆ. ಮೂವರದೂ ಸಹಜವಾದ ಪ್ರತಿಕ್ರಿಯೆ. ಆದರೆ ಹುಡುಗ ಹೇಳಿದ್ದು ಯಾವ ಓದು ಎಂದು ಮೂವರೂ ಕೇಳಲಿಲ್ಲ. ಅವನಿಗೂ ಅದು ಸ್ಪಷ್ಟವಾಗಿ ಗೊತ್ತಿರಲಿಕ್ಕಿಲ್ಲ.

ಧರ್ಮವನ್ನು ಓದುವುದಕ್ಕೆ ಎರಡು ದಾರಿಗಳಿವೆ. ಒಂದರಲ್ಲಿ ಧರ್ಮವೇ ಅಧ್ಯಯನದ ವಸ್ತು. ಶಾಸನ, ತಾಡೋಲೆ, ತತ್ತ್ವ, ಇತಿಹಾಸ, ಜನರ ಆಚರಣೆ ಎಲ್ಲವನ್ನೂ ಮುಂದಿಟ್ಟುಕೊಂಡು ಇದು ಹೇಗೆ ಹುಟ್ಟಿತು, ಹೇಗೆ ಬದಲಾಯಿತು, ಬೇರೆ ಧರ್ಮಗಳ ಜೊತೆ ಹೋಲಿಸಿದರೆ ಎಲ್ಲಿ ನಿಲ್ಲುತ್ತದೆ ಎಂದು ಕೇಳುವ ಓದು ಅದು. ಇನ್ನೊಂದರಲ್ಲಿ ಧರ್ಮವನ್ನು ನಡೆಸಲು ಸಿದ್ಧನಾಗಬೇಕು. ಪೂಜೆ, ದೀಕ್ಷೆ, ಪ್ರವಚನ, ಸಾವು ಬಂದ ಮನೆಗೆ ಹೋಗುವುದು, ಜಗಳ ಬಗೆಹರಿಸುವುದು, ಮಠವನ್ನೋ ಸಭೆಯನ್ನೋ ಮಸೀದಿಯನ್ನೋ ನೋಡಿಕೊಳ್ಳುವುದು ಅದರ ಕೆಲಸ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಪದವಿಗಳಿವೆ. ಮಾಸ್ಟರ್ ಆಫ್ ಡಿವಿನಿಟಿ ಸಾಮಾನ್ಯವಾಗಿ ಮೂರು ವರ್ಷದ್ದು; ಉಪದೇಶ, ಸಾಂತ್ವನ, ಆಸ್ಪತ್ರೆ–ಜೈಲುಗಳಲ್ಲಿ ತರಬೇತಿ ಅದರ ಭಾಗ. ಧರ್ಮಾಧ್ಯಯನದ ಎಂ.ಎ. ಹೆಚ್ಚಾಗಿ ಎರಡು ವರ್ಷದ್ದು, ಅದರಲ್ಲಿ ಪುಸ್ತಕ, ಭಾಷೆ, ಪ್ರಬಂಧ. ಅಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳ ಮಕ್ಕಳೂ ಈಗ ಈ ಎರಡರ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ ಹಿಂದೂ ಧರ್ಮಸೇವಕರನ್ನೂ ನೇಮಿಸಿಕೊಳ್ಳುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಮೊದಲನೆಯಂಥ ಪದವಿ ಕೇಳುತ್ತಾರೆ, ಎರಡನೆಯದೊಂದೇ ಸಾಲದೆ ಹೋಗಬಹುದು.

ನನ್ನ ಮಟ್ಟಿಗೆ ಈ ಎರಡು ಓದುಗಳ ವ್ಯತ್ಯಾಸ ಪಠ್ಯದಲ್ಲಿಲ್ಲ. ಓದಿ ಮುಗಿಸಿದವನು ಯಾರಿಗೆ ಉತ್ತರ ಕೊಡಬೇಕು ಎನ್ನುವುದರಲ್ಲಿದೆ. ವಿದ್ವಾಂಸ ಆಧಾರಕ್ಕೆ ಉತ್ತರ ಕೊಡಬೇಕು. ಸಿಕ್ಕ ಆಧಾರ ತನ್ನ ನಂಬಿಕೆಗೆ ವಿರುದ್ಧವಾಗಿದ್ದರೂ ಅದನ್ನು ಬರೆಯಬೇಕು. ಸ್ವಾಮಿ, ಪಾದ್ರಿ, ಮೌಲವಿ ಜನಕ್ಕೆ ಉತ್ತರ ಕೊಡಬೇಕು. ತನ್ನ ಮನಸ್ಸಿನಲ್ಲಿ ಏನೇ ಸಂದೇಹವಿದ್ದರೂ ಅಳುತ್ತಾ ಬಾಗಿಲಿಗೆ ಬಂದವಳನ್ನು ಸಮಾಧಾನ ಮಾಡಿ ಕಳಿಸಬೇಕು. ಹುಡುಗ ಮೊದಲು ಇದನ್ನು ಯೋಚಿಸಲಿ. ಯಾವ ಕಾಲೇಜು, ಎಷ್ಟು ಶುಲ್ಕ ಎನ್ನುವುದು ಆಮೇಲಿನ ಮಾತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಹುಡುಗ ಧರ್ಮಾಧ್ಯಯನ ಎಂಬ ಹೆಸರಿನ ಎಂ.ಎ. ಹುಡುಕಿಕೊಂಡು ಹೊರಟರೆ ಬೇಗ ನಿರಾಶನಾಗುತ್ತಾನೆ. ಅದಕ್ಕೆ ಕಾರಣವಿದೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಓದಿಸುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು; ನಮ್ಮ ವಿಶ್ವವಿದ್ಯಾಲಯಗಳು ಈ ವಿಷಯದ ಹತ್ತಿರ ಹೋಗಲು ಹಿಂಜರಿಯುತ್ತಲೇ ಬಂದಿದ್ದವು. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯ 1967ರಲ್ಲೇ ಧರ್ಮಾಧ್ಯಯನ ವಿಭಾಗ ತೆರೆದದ್ದು ಅಪರೂಪದ ಮಾತು. ನಮ್ಮಲ್ಲಿ ಆ ಓದು ಬೇರೆ ಬೇರೆ ಹೆಸರುಗಳಲ್ಲಿ ಹಂಚಿಹೋಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ವಿಭಾಗ ಮತ್ತು ಬಸವೇಶ್ವರ ಪೀಠ, ಮೈಸೂರಿನಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ, ಎಲ್ಲೆಡೆ ಕನ್ನಡ ಎಂ.ಎ.ಯ ವಚನ–ದಾಸ ಸಾಹಿತ್ಯದ ಪತ್ರಿಕೆಗಳು. ಯುಜಿಸಿ–ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಎಂಬ ವಿಷಯವೇ ಇದೆ ಎಂಬುದು ನಮ್ಮ ಕಡೆಯ ಎಷ್ಟೋ ಪದವೀಧರರಿಗೆ ಗೊತ್ತಿಲ್ಲ.

ಇನ್ನೊಂದು ದಾರಿಯ ವಿಷಯದಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆ ಬಡವಲ್ಲ. ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. ಹಾನಗಲ್ ಕುಮಾರಸ್ವಾಮಿಗಳು 1909ರಲ್ಲಿ ಅದನ್ನು ಕಟ್ಟಿದರು. ಅದಕ್ಕೂ ಐದು ವರ್ಷ ಮೊದಲು, 1904ರಲ್ಲಿ, ವೀರಶೈವ ಮಹಾಸಭೆಯನ್ನು ಸ್ಥಾಪಿಸಿದವರೂ ಅವರೇ. ಆಗ ಊರೂರಿಗೆ ಮಠವಿತ್ತು, ಮಠಕ್ಕೆ ಹೊಲವಿತ್ತು, ಗದ್ದುಗೆಯ ಮೇಲೆ ಸ್ವಾಮಿಯೂ ಇದ್ದರು. ಆದರೆ ಅವರಲ್ಲಿ ಅನೇಕರಿಗೆ ಓದು ಇರಲಿಲ್ಲ, ಸಾಧನೆ ಇರಲಿಲ್ಲ. ಕುಮಾರಸ್ವಾಮಿಗಳಿಗೆ ಇದು ಸಹಿಸಲಾಗದ ಸಂಗತಿಯಾಯಿತು. ಸ್ವಾಮಿಯಾಗುವವನು ಮೊದಲು ವಿದ್ಯಾರ್ಥಿಯಾಗಬೇಕು ಎಂದು ಅವರು ಹಟ ಹಿಡಿದರು. ಈಗ ನಮಗೆ ಸಾಧಾರಣವಾಗಿ ಕಾಣುವ ಈ ಮಾತು ಆ ಕಾಲಕ್ಕೆ ಎಷ್ಟು ದೊಡ್ಡದಾಗಿತ್ತು ಎಂದು ಊಹಿಸಿಕೊಳ್ಳಬೇಕು. ಅಲ್ಲಿ ಕಲಿಯಬಂದ ಹುಡುಗ ವಟು, ಮುಂದೆ ಸಾಧಕ, ಯಾವುದಾದರೂ ಮಠ ಅವನನ್ನು ಆರಿಸಿಕೊಂಡರೆ ಮರಿದೇವರು, ಕೊನೆಗೆ ಪಟ್ಟ. ಸಂಸ್ಕೃತ, ಕನ್ನಡ, ವಚನ, ಯೋಗ, ಸಂಗೀತ ಕಲಿಕೆಯಲ್ಲಿ ಸೇರಿದವು. ಬೆಳಗಿನ ಜಾವ ಎದ್ದು ಸ್ನಾನ ಮುಗಿಸಿ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಕೂರುವುದರಿಂದ ಅಲ್ಲಿ ದಿನ ಶುರು. ಅಲ್ಲಿಯ ಗೋಶಾಲೆ, ಅಲ್ಲೇ ತಯಾರಾಗುವ ವಿಭೂತಿ ಕೂಡ ಹೆಸರಾದವು. ಹಣೆಗೆ ಹಚ್ಚುವ ವಿಭೂತಿ ಸಗಣಿಯಿಂದ ಹೇಗೆ ಆಗುತ್ತದೆ ಎಂದು ಕೈಯಾರೆ ತಿಳಿದ ಮೇಲೆ ಶಾಸ್ತ್ರ ಓದುವುದು ಆ ಶಾಲೆಯ ಕ್ರಮ. ಅದು ನನಗೆ ತುಂಬ ಹಿಡಿಸುತ್ತದೆ.

ಅಲ್ಲಿಂದ ಮುಂದೆ ಓದುವವರು ಕಾಶಿಗೆ ಹೋಗುವ ಪದ್ಧತಿ ಹಳೆಯದು. ಜಂಗಮವಾಡಿ ಮಠದಲ್ಲಿ ಇದ್ದುಕೊಂಡು ಸಂಸ್ಕೃತ ವಿಶ್ವವಿದ್ಯಾಲಯದಲ್ಲಿ ಶಾಸ್ತ್ರಿ, ಆಚಾರ್ಯ ಪದವಿ ಪಡೆಯುತ್ತಾರೆ. ಶಾಸ್ತ್ರಿ ಎಂದರೆ ಬಿ.ಎ.ಗೆ ಸಮ, ಆಚಾರ್ಯ ಎಂದರೆ ಎಂ.ಎ.ಗೆ ಸಮ. ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯವೂ ಇದೆ. ಈ ಪದವಿಗಳು ಎರಡೂ ದಾರಿಯಲ್ಲಿ ಕೆಲಸಕ್ಕೆ ಬರುತ್ತವೆ. ಪಟ್ಟವೇರಿದರೂ ಸರಿ, ಏರದಿದ್ದರೆ ಸಂಸ್ಕೃತ ಅಧ್ಯಾಪಕನಾಗಲೂ ಬಹುದು. ಮಠಕ್ಕೆ ಮಗನನ್ನು ಬಿಡುವ ತಂದೆ–ತಾಯಿ ಇದನ್ನು ಕೇಳಿ ತಿಳಿದುಕೊಂಡಿರಬೇಕು.

ಮಠ ಎಂದರೆ ಬರೀ ಪೀಠವಲ್ಲ ಎನ್ನುವುದನ್ನೂ ಹೇಳಬೇಕು. ನಮ್ಮ ಊರುಗಳಲ್ಲಿ ಧರ್ಮದ ದಿನನಿತ್ಯದ ಕೆಲಸ ನಡೆಸುವವರು ಹೆಂಡತಿ–ಮಕ್ಕಳಿರುವ ಅಯ್ಯನವರು. ಕೂಸಿಗೆ ಲಿಂಗ ಕಟ್ಟುವುದು, ಮದುವೆ, ಹೊಸ ಮಗ್ಗದ ಪೂಜೆ, ಸಾವು ಎಲ್ಲಕ್ಕೂ ಅವರೇ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದು ‘ಅಯ್ಯಾರ, ಅಪ್ಪ ಹೋದ’ ಅನ್ನುತ್ತಾರೆ. ಅವರು ಎದ್ದು, ಹಣೆಗೆ ವಿಭೂತಿ ಹಚ್ಚಿಕೊಂಡು, ಹೆಗಲಿಗೆ ವಸ್ತ್ರ ಹಾಕಿಕೊಂಡು ಹೊರಡುತ್ತಾರೆ. ದೇಹ ಬಿಗಿಯುವ ಮೊದಲು ಅದನ್ನು ಗೋಡೆಗೆ ಆನಿಸಿ ಕೂರಿಸಬೇಕು. ಕೊರಳ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಡಬೇಕು. ವಿಮಾನ ಕಟ್ಟುವವರಿಗೆ, ಸಮಾಧಿ ತೋಡುವವರಿಗೆ ಹೇಳಿ ಕಳಿಸಬೇಕು. ಪತ್ರಿ, ವಿಭೂತಿ ಗಟ್ಟಿ ಎಷ್ಟು ಬೇಕೆಂದು ಲೆಕ್ಕ ಹಾಕಬೇಕು. ಇದೆಲ್ಲ ಕಲಿತು ಬರುವ ಕೆಲಸ. ಅದೇ ಹೊತ್ತಿಗೆ ಹೊಲದ ಪಾಲಿನ ಜಗಳದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣ–ತಮ್ಮ ಅಂಗಳದ ಎರಡು ಮೂಲೆಯಲ್ಲಿ ನಿಂತಿರುತ್ತಾರೆ. ‘ಇಬ್ಬರೂ ಬಂದು ಮುಂದಿನ ಹೆಗಲು ಕೊಡ್ರಿ’ ಎಂದು ಯಾವ ದನಿಯಲ್ಲಿ ಹೇಳಿದರೆ ಅವರು ಎದುರಾಡದೆ ಬರುತ್ತಾರೆ ಎಂಬುದನ್ನು ಯಾವ ಶಾಸ್ತ್ರವೂ ಕಲಿಸುವುದಿಲ್ಲ. ಎಂ.ಎ. ಪಡೆದವನು ಆ ಕ್ರಿಯೆಯ ಮೂಲ, ಅದರ ಅರ್ಥ, ಬೇರೆ ಪಂಥಗಳ ಸಮಾಧಿ ಪದ್ಧತಿಗೂ ಇದಕ್ಕೂ ಇರುವ ಸಂಬಂಧ ಬರೆಯಬಲ್ಲ. ಅದೂ ಬೇಕು. ಆದರೆ ಆ ರಾತ್ರಿ ಆ ಮನೆಗೆ ಬೇಕಾದದ್ದು ಅಯ್ಯನವರು.

ಇಳಕಲ್ಲಿನ ಮಹಾಂತ ಸ್ವಾಮಿಗಳನ್ನು ನೋಡಿದವರು ಇನ್ನೂ ಸಾವಿರಾರು ಜನ ಇದ್ದಾರೆ. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟರು. ಕಾಳು, ಕಾಣಿಕೆ ಬೇಡಲಿಲ್ಲ, ದುಶ್ಚಟವನ್ನು ಜೋಳಿಗೆಗೆ ಹಾಕಿ ಎಂದರು. ಸಾರಾಯಿ ಕುಡಿಯುವವನು, ಬೀಡಿ ಸೇದುವವನು ಮಹಾಂತ ಜೋಳಿಗೆಯ ಮುಂದೆ ಆಣೆ ಮಾಡಿದ. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಧರ್ಮಸೇವೆ ಎಂಬ ಓದಿನ ಫಲ ಹೀಗಿರುತ್ತದೆ. ಇದಕ್ಕೆ ಅಂಕಪಟ್ಟಿ ಇರುವುದಿಲ್ಲ.

ಬೇರೆ ಧರ್ಮಗಳಲ್ಲಿ ಈ ದಾರಿ ಹೆಚ್ಚು ಅಚ್ಚುಕಟ್ಟಾಗಿದೆ. ಗುಳೇದಗುಡ್ಡ, ಗದಗ–ಬೆಟಗೇರಿ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಯುವಕ ಪಾದ್ರಿಯಾಗಬೇಕೆಂದರೆ ಮೊದಲು ಅವನ ಸಭೆ ಅವನನ್ನು ಕಳಿಸಿಕೊಡಬೇಕು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೋ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೋ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಓದುತ್ತಾನೆ. ಪದವಿ ಕೊಡುವುದು ಸೆರಾಂಪುರ. ಡೆನ್ಮಾರ್ಕಿನ ದೊರೆಯಿಂದ 1827ರಲ್ಲೇ ಪದವಿ ನೀಡುವ ಸನದು ಪಡೆದ ಸಂಸ್ಥೆ ಅದು. ಓದಿನ ಜೊತೆಗೆ ಸಭೆಗಳಲ್ಲಿ ಕೆಲಸ ಮಾಡಿ ತೋರಿಸಬೇಕು. ಮುಸ್ಲಿಂ ಹುಡುಗನಿಗೆ ಮದರಸಾದ ಹಾಫಿಜ್, ಆಲಿಂ ಓದು ಇಮಾಮತಿಗೆ ಒಯ್ಯುತ್ತದೆ. ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯದಲ್ಲೋ ಅಲೀಗಢದಲ್ಲೋ ಇಸ್ಲಾಮಿಕ್ ಸ್ಟಡೀಸ್ ಎಂ.ಎ. ಅಧ್ಯಾಪನಕ್ಕೆ ಒಯ್ಯುತ್ತದೆ. ಎರಡನ್ನೂ ಮಾಡಿದವರೂ ಇದ್ದಾರೆ.

ಸೇವೆಗೆಂದು ಬಂದು ವಿದ್ವಾಂಸನಾದವನ ದೊಡ್ಡ ಉದಾಹರಣೆ ಕಿಟ್ಟೆಲ್. ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ಕರ್ನಾಟಕಕ್ಕೆ ಬಂದ ಮನುಷ್ಯ ಹುಬ್ಬಳ್ಳಿ–ಧಾರವಾಡಗಳಲ್ಲಿ ಕನ್ನಡದ ಬೆನ್ನು ಹತ್ತಿ, 1894ರಲ್ಲಿ ನಿಘಂಟು ಕೊಟ್ಟರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರನ್ನು ಕಳಿಸಿದ ಮಿಶನ್ನಿಗೆ ಬೇಕಾಗಿದ್ದದ್ದು ಪ್ರಚಾರಕ. ಕನ್ನಡಕ್ಕೆ ಸಿಕ್ಕದ್ದು ಕೋಶಕಾರ. ಎಂಥ ಲಾಭ ನಮಗೆ!

ಒಂದೇ ಊರಿನಲ್ಲಿ ಎರಡೂ ದಾರಿಯ ಶಿಖರಗಳನ್ನು ನೋಡಬೇಕೆಂದರೆ ಪಕ್ಕದ ಬೆಳಗಾವಿ ಜಿಲ್ಲೆಯ ಸದಲಗಾ ನೆನೆಯಬೇಕು. ಅಲ್ಲಿ 1906ರಲ್ಲಿ ಆ.ನೇ. ಉಪಾಧ್ಯೆ ಹುಟ್ಟಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ದಶಕಗಟ್ಟಲೆ ಪಾಠ ಮಾಡುತ್ತ ಪ್ರಾಕೃತದ ಗ್ರಂಥಗಳನ್ನು ಒಂದೊಂದಾಗಿ ಪಾಠಶೋಧನೆ ಮಾಡಿ ಅಚ್ಚಿಗೆ ತಂದರು. ಕೊನೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ–ಪ್ರಾಕೃತ ವಿಭಾಗ ಕಟ್ಟಿದರು. ಅದೇ ಸದಲಗಾದ ಮನೆಯೊಂದರಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಧರ ಎಂಬ ಹುಡುಗ 1968ರಲ್ಲಿ ಅಜ್ಮೇರದಲ್ಲಿ ದಿಗಂಬರ ದೀಕ್ಷೆ ಪಡೆದು ಆಚಾರ್ಯ ವಿದ್ಯಾಸಾಗರರಾದರು. 2024ರ ಫೆಬ್ರುವರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಅವರು ಹಿಂದಿಯಲ್ಲಿ ಬರೆದ ‘ಮೂಕಮಾಟಿ’ ಕಾವ್ಯದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಆಗಿವೆ. ಮುನಿಯ ಬದುಕು ವಿದ್ವಾಂಸರಿಗೆ ವಸ್ತುವಾಯಿತು. ವಿದ್ವಾಂಸರು ಶುದ್ಧಗೊಳಿಸಿದ ಗ್ರಂಥಗಳು ಮುನಿಸಂಘಗಳ ಸ್ವಾಧ್ಯಾಯಕ್ಕೆ ಒದಗಿದವು. ತೇರದಾಳ, ರಬಕವಿ, ಮುಧೋಳ ಕಡೆಯ ಜೈನ ಒಕ್ಕಲು ಮನೆಗಳಿಗೆ ಇಬ್ಬರೂ ಬೇಕಾದವರೇ. ಮುಧೋಳದವರು ಇನ್ನೂ ಹಿಂದಿನದನ್ನು ಹೇಳಬಲ್ಲರು: ಬಳೆಗಾರರ ಮನೆಯ ರನ್ನ ಸಾವಿರ ವರ್ಷದ ಹಿಂದೆ ಓದಿಗಾಗಿ ಶ್ರವಣಬೆಳಗೊಳದವರೆಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ, ಬಂದದ್ದು ಮುನಿಯಾಗಿ ಅಲ್ಲ, ಕವಿಯಾಗಿ.

ಜಮಖಂಡಿಯ ಹುಡುಗನಿಗೆ ದೂರದ ಉದಾಹರಣೆಯೇ ಬೇಡ. ರಾಮಚಂದ್ರ ದತ್ತಾತ್ರೇಯ ರಾನಡೆ 1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿದರು. ಪಟವರ್ಧನ ಸಂಸ್ಥಾನದ ಆ ಊರಿನ ಹೈಸ್ಕೂಲಿನಲ್ಲೇ ಓದಿದರು. ಶಾಲೆಯಲ್ಲಿದ್ದಾಗಲೇ, 1901ರಲ್ಲಿ, ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮೋಪದೇಶ ಪಡೆದರು. ಮುಂದೆ ಪುಣೆಗೆ ಹೋಗಿ 1914ರಲ್ಲಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ನಡುವೆ ಮೈಯಲ್ಲಿ ಸರಿ ಇಲ್ಲದ ವರ್ಷಗಳಿದ್ದವು. ಆ ವರ್ಷಗಳೇ ಅವರನ್ನು ನಾಮಸ್ಮರಣೆಯ ಕಡೆ ಇನ್ನಷ್ಟು ಆಳಕ್ಕೆ ಒಯ್ದವು. ಉಪನಿಷತ್ತುಗಳ ತತ್ತ್ವದ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಸಮೀಕ್ಷೆ 1926ರಲ್ಲಿ ಬಂದಿತು. ಗ್ರೀಕ್ ತತ್ತ್ವಜ್ಞಾನವನ್ನೂ ಯಾಜ್ಞವಲ್ಕ್ಯನನ್ನೂ ಒಂದೇ ಮೇಜಿನ ಮೇಲಿಟ್ಟು ತೂಗುವ ಪುಸ್ತಕ ಅದು. ಗಂಗಾನಾಥ ಝಾ ಅವರ ಆಹ್ವಾನದ ಮೇಲೆ ಅಲಹಾಬಾದ್ ವಿಶ್ವವಿದ್ಯಾಲಯಕ್ಕೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು, ಕುಲಪತಿಯೂ ಆದರು. ನಿವೃತ್ತಿ 1946ರಲ್ಲಿ.

ಇವರು ಒಬ್ಬ ರಾನಡೆ. ರಜೆ ಸಿಕ್ಕಿತೆಂದರೆ ಇಂಡಿ ತಾಲ್ಲೂಕಿನ ನಿಂಬಾಳ ಸ್ಟೇಷನ್ನಿನಲ್ಲಿ ಇಳಿದು ಆಶ್ರಮ ಸೇರುವ ರಾನಡೆ ಇನ್ನೊಬ್ಬರು. ಸೊಲ್ಲಾಪುರ–ವಿಜಯಪುರ ರೈಲು ಹಾದಿಯ ಆ ಚಿಕ್ಕ ನಿಲ್ದಾಣದ ಹತ್ತಿರ ಬಯಲಿನಲ್ಲಿ ಕಟ್ಟಿದ ಮನೆಗೆ ರೈತರು, ವಕೀಲರು, ಪ್ರೊಫೆಸರರು ಬಂದು ಕೂರುತ್ತಿದ್ದರು. ಪದ ಹಾಡುವುದು, ಧ್ಯಾನಕ್ಕೆ ಕೂರುವುದು. ಅವರು ಕಾವಿ ಉಡಲಿಲ್ಲ, ಸಂಸಾರ ಬಿಡಲಿಲ್ಲ, ಗದ್ದುಗೆ ಏರಲಿಲ್ಲ. ಅವರ ಗುರು ಭಾವುಸಾಹೇಬ ಮಹಾರಾಜರ ಇಂಚಗೇರಿ ಸಂಪ್ರದಾಯದ ರೀತಿಯೇ ಅದು, ಗೃಹಸ್ಥನೂ ಗುರುವಾಗಬಹುದು. ಅದೇ ಸಂಪ್ರದಾಯದ ಇನ್ನೊಂದು ಕವಲು ಸಿದ್ಧರಾಮೇಶ್ವರ ಮಹಾರಾಜರ ಮೂಲಕ ಮುಂಬಯಿಯ ನಿಸರ್ಗದತ್ತ ಮಹಾರಾಜರಿಗೆ ಮುಟ್ಟಿ, ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ರಾನಡೆ ಕೊನೆಯ ವರ್ಷಗಳಲ್ಲಿ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಕನ್ನಡದ ಅನುಭಾವಿಗಳ ಮೇಲೆ ಉಪನ್ಯಾಸ ಕೊಟ್ಟರು. ಅದು ಅವರ ನಿಧನದ ನಂತರ ಪುಸ್ತಕವಾಯಿತು. 1957ರ ಜೂನ್ 6ರಂದು ನಿಂಬಾಳದಲ್ಲೇ ದೇಹ ಬಿಟ್ಟರು. ಅವರು ಕಟ್ಟಿದ ತತ್ತ್ವ–ಧರ್ಮಗಳ ತೌಲನಿಕ ಅಧ್ಯಯನದ ಅಕಾಡೆಮಿ ಬೆಳಗಾವಿಯಲ್ಲಿ ಇವತ್ತಿಗೂ ಇದೆ.

ರಾನಡೆಯವರ ಬದುಕಿನಿಂದ ನಾನು ತಿಳಿದದ್ದು ಇಷ್ಟು. ಎರಡನ್ನೂ ಒಬ್ಬನೇ ಮಾಡಬಹುದು; ಆದರೆ ಒಂದನ್ನು ಇನ್ನೊಂದರ ಕೋಣೆಗೆ ತರಬಾರದು. ಅಲಹಾಬಾದಿನ ತರಗತಿಯಲ್ಲಿ ಅವರ ಕೆಲಸ ವಾದ, ಪುರಾವೆ, ಹೋಲಿಕೆ. ನಿಂಬಾಳದಲ್ಲಿ ನಾಮ. ನಿಂಬಾಳಕ್ಕೆ ಬಂದವನ ಮುಂದೆ ಪ್ಲೇಟೋನನ್ನು ಪ್ರಮಾಣಪತ್ರವಾಗಿ ಇಡಬೇಕಿರಲಿಲ್ಲ.

ಈ ಎರಡು ಕೋಣೆಗಳ ಗೋಡೆ ಕುಸಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ, ಅದನ್ನು ಮುಚ್ಚಿಡಬಾರದು. ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ಸಂಶೋಧನ ಲೇಖನಗಳ ‘ಮಾರ್ಗ’ದ ಮೊದಲ ಸಂಪುಟದಲ್ಲಿ ಶರಣರ ಬಗ್ಗೆ ಬರೆದ ಕೆಲವು ಲೇಖನಗಳಿಗೆ ಭಕ್ತರಿಂದ ವಿರೋಧ ಎದ್ದು, 1989ರಲ್ಲಿ ಅವರು ತಮ್ಮ ಬರಹವನ್ನು ಹಿಂತೆಗೆದುಕೊಳ್ಳಬೇಕಾಯಿತು. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅದು ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಹೇಳಿಕೊಂಡರು. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು, ಅದೇ ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆ ಬಾಗಿಲಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಧರ್ಮವನ್ನು ಓದುವುದು ಸುರಕ್ಷಿತವಾದ ಗ್ರಂಥಾಲಯದ ಕೆಲಸ ಎಂದುಕೊಂಡು ಎಂ.ಎ. ಸೇರುವವನು ಇದನ್ನು ತಿಳಿದು ಸೇರಬೇಕು. ಅದೇ ಕಾಲದಲ್ಲಿ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳಂಥವರೂ ಇದ್ದರು. ಕನ್ನಡದಲ್ಲಿ ಉನ್ನತ ಓದು ಓದಿ, 1974ರಲ್ಲಿ ಪೀಠಕ್ಕೆ ಬಂದ ಅವರು ಮಠದಲ್ಲೇ ಅಧ್ಯಯನ ಸಂಸ್ಥೆ ನಡೆಸಿ ನೂರಾರು ಗ್ರಂಥ ಪ್ರಕಟಿಸಿದರು. ಕಲಬುರ್ಗಿಯವರ ಸಂಶೋಧನೆಗೂ ಬೆನ್ನಿಗೆ ನಿಂತರು. ಓದಿದ ಸ್ವಾಮಿ ಮಠದಲ್ಲಿದ್ದರೆ ಸಂಶೋಧಕನಿಗೆ ನೆರಳಿರುತ್ತದೆ. ಈ ಒಂದೇ ಕಾರಣಕ್ಕಾದರೂ ಸ್ವಾಮಿಯಾಗುವವನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬೇಕು.

ಈ ವಿಷಯದ ಪದವಿಯೇ ಇಲ್ಲದೆ ಅದಕ್ಕೆ ಬದುಕು ಕೊಟ್ಟವರನ್ನೂ ಮರೆಯುವಂತಿಲ್ಲ. ಫ.ಗು. ಹಳಕಟ್ಟಿ ವಕೀಲರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ರಬಕವಿ–ಬನಹಟ್ಟಿಯ ಮನೆಯೊಂದರಲ್ಲಿ ಕಂಡ ತಾಡೋಲೆಗಳೇ ಅವರನ್ನು ವಚನಗಳ ಬೆನ್ನು ಹತ್ತಿಸಿದವು ಎಂದು ಈ ಭಾಗದ ಜನ ಹೆಮ್ಮೆಯಿಂದ ಹೇಳುತ್ತಾರೆ. ‘ವಚನಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಬಂದಿತು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. ಅದಕ್ಕಾಗಿ ಮನೆ ಮಾರಿಕೊಂಡರು. ಇವತ್ತು ಸ್ವಾಮಿಗಳು ಪ್ರವಚನದಲ್ಲಿ ಹೇಳುವ ವಚನಗಳಲ್ಲಿ ಎಷ್ಟೋ ಆ ವಕೀಲರು ನೇಕಾರರ, ಒಕ್ಕಲಿಗರ ಮನೆ ಮನೆ ತಿರುಗಿ ತಂದು ಅಚ್ಚು ಹಾಕಿಸಿದವು.

ಪ್ರವಚನ ಎಂದರೆ ನಮ್ಮ ಭಾಗಕ್ಕೆ ಸಿದ್ಧೇಶ್ವರ ಸ್ವಾಮಿಗಳೇ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿದವರು ಅವರು, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಮಲ್ಲಿಕಾರ್ಜುನ ಸ್ವಾಮಿಗಳ ಶಿಷ್ಯರು. ಬೆಳಗಿನ ಚಳಿಯಲ್ಲಿ ಊರ ಬಯಲಲ್ಲಿ ಸಾವಿರಾರು ಜನ ಉಸಿರು ಬಿಗಿಹಿಡಿದು ಕೂತು ಕೇಳುತ್ತಿದ್ದರು. ಉಪನಿಷತ್ತು, ಪತಂಜಲಿ, ಅಲ್ಲಮ ಎಲ್ಲ ಬರುತ್ತಿದ್ದರು. ಆದರೆ ಎಲ್ಲೂ ಪಾಂಡಿತ್ಯದ ಭಾರ ಇರುತ್ತಿರಲಿಲ್ಲ. ಅವರು ಓದಿದ್ದು ಕಾಣುತ್ತಿರಲಿಲ್ಲ, ಓದಿದ್ದರಿಂದ ಬಂದ ತಿಳಿ ಮಾತ್ರ ಕೇಳುತ್ತಿತ್ತು. 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ಅಂಗಿಗೆ ಜೇಬೇ ಇರಲಿಲ್ಲ. 2023ರ ಜನವರಿ 2ರಂದು ಅವರು ಹೋದಾಗ ಈ ನಾಲ್ಕೂ ತಾಲ್ಲೂಕಿನ ಊರುಗಳು ವಿಜಯಪುರದ ಕಡೆ ಹೊರಟವು.

ಹೆಣ್ಣುಮಕ್ಕಳ ಮಾತು. ಬೀಳಗಿ ತಾಲ್ಲೂಕಿನ ಗಲಗಲಿಯ ಅವ್ವ ಸ್ತ್ರೀ ಹರಿದಾಸರ ಸಾಲಿನಲ್ಲಿ ನಿಂತವಳು. ಕೃಷ್ಣೆಯ ದಂಡೆಯ ಆ ಊರು ಸಂಸ್ಕೃತ ಪಂಡಿತರಿಗೂ ಹೆಸರಾದದ್ದು. ಆದರೂ ನಮ್ಮ ಸಾಂಪ್ರದಾಯಿಕ ತರಬೇತಿ ಕೇಂದ್ರಗಳು ಬಹುತೇಕ ಗಂಡುಮಕ್ಕಳಿಗೇ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಎಂ.ಎ. ಓದಿದ ಮಾತೆ ಮಹಾದೇವಿಯವರು 1970ರಲ್ಲಿ ಮಹಿಳಾ ಜಗದ್ಗುರು ಪೀಠವೇರಿ, ಮುಂದೆ ಕೂಡಲಸಂಗಮವನ್ನು ಕೇಂದ್ರವಾಗಿಸಿಕೊಂಡು ದೊಡ್ಡ ದಾರಿ ತೆರೆದರು. ಸಿ.ಎಸ್.ಐ. ಸಭೆ ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಡುತ್ತದೆ. ಆದರೂ ಧರ್ಮದ ಓದಿನಲ್ಲಿ ಮನಸ್ಸಿರುವ ನಮ್ಮ ಕಡೆಯ ಹುಡುಗಿಗೆ ಸದ್ಯ ಬಾಗಿಲು ಪೂರ್ತಿ ತೆರೆದಿರುವುದು ವಿಶ್ವವಿದ್ಯಾಲಯದಲ್ಲೇ. ಇದು ಅನ್ಯಾಯ. ಮಠಗಳು ಇದನ್ನು ಸರಿಪಡಿಸಬೇಕು.

ಇನ್ನು ಅಪ್ಪ ಕೇಳಿದ ಪ್ರಶ್ನೆ, ನೌಕರಿ. ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ ನೆಟ್ ಅಥವಾ ಕೆ–ಸೆಟ್ ಪಾಸಾದರೂ ಹುದ್ದೆಗಳು ಕಡಿಮೆ. ವರ್ಷಗಟ್ಟಲೆ ಅತಿಥಿ ಉಪನ್ಯಾಸಕನಾಗಿ ದುಡಿಯಬೇಕಾಗಬಹುದು. ಕನ್ನಡ, ಸಂಸ್ಕೃತ, ಇತಿಹಾಸದ ಎಂ.ಎ. ಮಾಡಿ ಸಂಶೋಧನೆಯನ್ನು ಧರ್ಮದ ಮೇಲೆ ನಡೆಸಿದರೆ ಹೊಟ್ಟೆಪಾಡಿಗೆ ಹೆಚ್ಚು ಭದ್ರ. ಹಸ್ತಪ್ರತಿ ಓದಲು ಬರುವವನಿಗೆ ಇಂದಿಗೂ ಬೇಡಿಕೆ ಇದೆ. ಮಠದಲ್ಲಿ ಸಂಬಳವಿಲ್ಲ, ಊಟ–ವಸತಿಗೆ ಕೊರತೆಯೂ ಇಲ್ಲ. ಆದರೆ ಪೀಠವೆಂದರೆ ಶಾಲೆ, ದಾಸೋಹ, ಆಸ್ತಿ, ಉತ್ತರಾಧಿಕಾರದ ಕಟ್ಲೆ ಎಲ್ಲದರ ಹೊರೆ. ಶಾಂತಿ ಹುಡುಕಿಕೊಂಡು ಪೀಠವೇರಿದವನು ವಕೀಲರ ಕಚೇರಿಯಲ್ಲಿ ದಿನ ಕಳೆಯುವುದನ್ನು ನಾವೆಲ್ಲ ಕಂಡಿದ್ದೇವೆ.

ಎರಡರಲ್ಲಿ ಯಾವುದನ್ನು ಮೊದಲು ಆರಿಸಬೇಕು ಎಂಬುದಕ್ಕೆ ನನ್ನ ಉತ್ತರ ಸ್ಪಷ್ಟ: ಮೊದಲು ವಿಶ್ವವಿದ್ಯಾಲಯ, ಆಮೇಲೆ ಮಠ. ಎಂ.ಎ. ಮುಗಿಸಿದ ಮೇಲೆ ದೀಕ್ಷೆಯ ಬಾಗಿಲು ತೆರೆದೇ ಇರುತ್ತದೆ. ಪಟ್ಟವಾದ ಮೇಲೆ ಹಿಂದಿನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಪೀಠ ಬಿಟ್ಟು ಬಂದವನನ್ನು ನಮ್ಮ ಸಮಾಜ ಇವತ್ತಿಗೂ ಸುಮ್ಮನೆ ಬಿಡುವುದಿಲ್ಲ. ಅಪ್ರಾಪ್ತ ವಯಸ್ಸಿನವನು ಸನ್ಯಾಸಿಯಾಗಲು ಕಾನೂನಿನ ಅಡ್ಡಿ ಇಲ್ಲ ಎಂದು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಉಡುಪಿಯ ಶಿರೂರು ಮಠದ 16 ವರ್ಷದ ಯತಿಯ ಪ್ರಕರಣದಲ್ಲಿ ಹೇಳಿದೆ. ಕಾನೂನು ಅಡ್ಡಿ ಮಾಡದಿದ್ದರೂ ಹೆತ್ತವರು ತಡೆಯಬೇಕು. ಎಂಟು–ಹತ್ತು ವರ್ಷದ ಕೂಸನ್ನು ಹರಕೆಯ ಹೆಸರಲ್ಲಿ, ಬಡತನದ ಕಾರಣಕ್ಕೆ ಮಠಕ್ಕೆ ಬಿಟ್ಟರೆ ಅದು ಊಟ, ಓದು ಪಡೆಯಲಿ. ಸ್ವಾಮಿಯಾಗಬೇಕೆಂಬ ಕರಾರು ಮಾತ್ರ ಬೇಡ. ಪಾಠಶಾಲೆಯಲ್ಲಿ ಸಂಸ್ಕೃತ ಕಲಿಯುವ ಹುಡುಗ ಜೊತೆಜೊತೆಗೇ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮುಗಿಸುವಂತೆ ಅನೇಕ ಮಠಗಳು ಈಗ ನೋಡಿಕೊಳ್ಳುತ್ತಿವೆ. ಅದು ಎಲ್ಲ ಮಠಗಳ ನಿಯಮವಾಗಬೇಕು.

2023ರಲ್ಲಿ ಜಮಖಂಡಿಯನ್ನೇ ಕೇಂದ್ರವಾಗಿಸಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಗಿದೆ. ರಾನಡೆ ಹುಟ್ಟಿದ ಊರಿನ ವಿಶ್ವವಿದ್ಯಾಲಯದಲ್ಲಿ ವಚನ, ದಾಸ, ಜೈನ, ಸೂಫಿ, ಕ್ರೈಸ್ತ ಪರಂಪರೆಗಳನ್ನು ಒಟ್ಟಿಗೆ ಓದಿಸುವ ಎಂ.ಎ. ಬರಬೇಕೆಂದು ಕೇಳುವ ಹಕ್ಕು ಈ ನಾಲ್ಕು ತಾಲ್ಲೂಕಿನ ಜನಕ್ಕಿದೆ, ಕೇಳಬೇಕು.

ಹುಡುಗನಿಗೆ ಒಂದೇ ಮಾತು. ಅರ್ಜಿ ತುಂಬುವ ಮೊದಲು ಒಂದು ಶ್ರಾವಣ ತಿಂಗಳು ನಿನ್ನ ಊರ ಮಠದಲ್ಲೋ ಅಯ್ಯನವರ ಜೊತೆಯಲ್ಲೋ ಇದ್ದು, ಅವರು ಹೋದ ಮನೆಗಳಿಗೆಲ್ಲ ಹೋಗಿ ಬಾ. ಆಮೇಲೆ ಧಾರವಾಡಕ್ಕೆ ಹೋಗಿ ಅಲ್ಲಿಯ ಗ್ರಂಥಾಲಯದಲ್ಲಿ ಒಂದು ವಾರ ಕೂತು ಓದು. ಯಾವ ಕಡೆ ಹೊತ್ತು ಹೋದದ್ದು ನಿನಗೆ ತಿಳಿಯಲಿಲ್ಲವೋ ಅಲ್ಲಿಗೆ ಅರ್ಜಿ ಹಾಕು. ಅವ್ವ–ಅಪ್ಪನಿಗೆ ನನ್ನ ವಿನಂತಿ: ಅವನು ನೋಡಿ ಬರುವ ತನಕ ‘ಆಗು’ ಅಂತಲೂ ‘ಬೇಡ’ ಅಂತಲೂ ಹೇಳಬೇಡಿರಿ.